ಕೊನೆಯ ಕುರ್ಚಿ

ನಮ್ಮ ಮನೆಯವರಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ ಎಂಬುದನ್ನು ಊರು ಮರೆತು ಎಷ್ಟೋ ವರ್ಷವಾಯಿತು. ಸಮುದ್ರದ ದಂಡೆಯ ಈ ಸಣ್ಣ ಪಟ್ಟಣದಲ್ಲಿ ಅವರು ಎಲ್ಲರಿಗೂ ‘ಹಲೋ ಅಣ್ಣ’. ಮೂವತ್ತನಾಲ್ಕು ವರ್ಷದಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾರೆ. ಮದುವೆಯಿರಲಿ, ಶಾಲೆಯ ಆಟೋಟವಿರಲಿ, ಚುನಾವಣೆಯ ಭಾಷಣವಿರಲಿ, ಮೊದಲು ವೇದಿಕೆ ಹತ್ತುವವರು ಇವರೇ. ಮೈಕನ್ನು ಬೆರಳಿನಿಂದ ಎರಡು ಸಲ ತಟ್ಟಿ, ‘ಹಲೋ, ಹಲೋ, ಒಂದು, ಎರಡು, ಮೂರು’ ಎಂದು ಹೇಳಿ ಇಳಿದುಬಿಡುತ್ತಾರೆ. ಈ ಊರಿನಲ್ಲಿ ಇವರಷ್ಟು ಸಲ ಮೈಕ್ ಹಿಡಿದವರು ಇನ್ನೊಬ್ಬರಿಲ್ಲ. ಆದರೆ ಇವರ ಭಾಷಣ ಮೂರರ ಮುಂದಕ್ಕೆ ಒಮ್ಮೆಯೂ ಹೋಗಲಿಲ್ಲ.

ಕೆಳಗೆ ಅಂಗಡಿ, ಮೇಲೆ ನಾವು. ಅಂಗಡಿಯೆಂದರೆ ಒಂದೇ ಕೋಣೆ. ಗೋಡೆಗೆ ಒರಗಿಸಿಟ್ಟ ದೊಡ್ಡ ಸ್ಪೀಕರ್ ಬಾಕ್ಸುಗಳು, ಮೇಲಿನ ಹಲಗೆಯಲ್ಲಿ ಬಾಯಿ ತೆರೆದುಕೊಂಡು ಕೂತ ಹಳೆಯ ಹಾರ್ನುಗಳು, ಮೊಳೆಗೆ ನೇತುಹಾಕಿದ ವೈರಿನ ಸುರುಳಿಗಳು. ಉಪ್ಪುಗಾಳಿ ಕಬ್ಬಿಣವನ್ನೇ ತಿಂದುಹಾಕುವ ಊರಿದು. ವಾರಕ್ಕೊಮ್ಮೆ ವೈರುಗಳ ತುದಿಯ ಎಲ್ಲ ಪಿನ್ನುಗಳನ್ನೂ ಬಿಚ್ಚಿ, ನನ್ನ ಹಳೆಯ ಸೀರೆಯ ಚೂರಿನಿಂದ ಒಂದೊಂದನ್ನೇ ಒರೆಸುತ್ತಾರೆ. ವೈರನ್ನು ಅಂಗೈಯಿಂದ ಮೊಣಕೈಗೆ ಸುತ್ತುವ ಕೆಲಸವನ್ನಂತೂ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಮನೆಯಲ್ಲಿ ಹುಲ್ಲುಕಡ್ಡಿಯನ್ನೂ ಅತ್ತಿಂದಿತ್ತ ಎತ್ತಿಡದ ಮನುಷ್ಯ, ಅಂಗಡಿಯಲ್ಲಿ ಒಂದು ವೈರ್ ತಿರುಚಿಕೊಂಡರೆ ಊಟ ಬಿಟ್ಟು ಕೂರುತ್ತಾರೆ.

ಅವರಿಗೆ ಒಂದೇ ಒಂದು ನಿಯಮ, ಕೊನೆಯ ಕುರ್ಚಿ. ಯಾವ ಕಾರ್ಯಕ್ರಮವಾದರೂ ಶುರುವಾಗುವ ಮೊದಲು ಒಂದು ಕುರ್ಚಿಯನ್ನು ತಾವೇ ಹೊತ್ತುಕೊಂಡು ಹೋಗಿ, ಎಲ್ಲಕ್ಕಿಂತ ಹಿಂದೆ ಹಾಕಿ, ಅಲ್ಲಿ ಕೂತು ಕೇಳುತ್ತಾರೆ. ಯಾಕೆ ಎಂದು ಹೊಸದರಲ್ಲಿ ನಾನೂ ಕೇಳಿದ್ದೆ.

“ಮುಂದಿನ ಸಾಲಿನವರಿಗೆ ಹೇಗೂ ಕೇಳುತ್ತೆ” ಎಂದಿದ್ದರು. “ಕೊನೇ ಕುರ್ಚೀಲಿ ಕೂರೋರು ಯಾರು ಹೇಳು? ಕೆಲಸ ಮುಗಿಸಿ ತಡವಾಗಿ ಬಂದವನು, ಅಳೋ ಮಗೂನ ಎತ್ಕೊಂಡವಳು, ಕರೀದೇ ಬಂದವನು. ಅವರಿಗೆ ಕೇಳಿಸಿದ್ರೆ ನನ್ನ ಕೆಲಸ ಆಯ್ತು.”

ಮದುವೆಯಾದ ಹೊಸತರಲ್ಲಿ ಆ ಕುರ್ಚಿಯಲ್ಲಿ ಕೂರುವ ಕೆಲಸ ನನ್ನದಾಗಿತ್ತು. ಇವರು ವೇದಿಕೆಯಿಂದ ಒಂದು, ಎರಡು ಎನ್ನಬೇಕು, ಕೇಳಿಸಿದರೆ ನಾನು ಕೈ ಎತ್ತಬೇಕು. ಒಂದು ಸಲ ಮೂಗಿನ ಮೇಲೆ ಕೂತ ನೊಣ ಓಡಿಸಲು ಕೈ ಎತ್ತಿ, ಒಂದು ಇಡೀ ಸಭೆ ಹಿಂದಿನ ಅರ್ಧಕ್ಕೆ ಏನೂ ಕೇಳದೆ ಮುಗಿದುಹೋಗಿತ್ತು. ಮಗಳು ಹುಟ್ಟಿದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂರುತ್ತಿದ್ದೆ. ಅವಳೂ ತನ್ನ ಪುಟ್ಟ ಕೈ ಎತ್ತುತ್ತಿದ್ದಳು. ಶಾಲೆಗೆ ಸೇರಿದ ಮೊದಲ ದಿನ ಟೀಚರು ಎಣಿಸು ಎಂದರೆ, ‘ಹಲೋ, ಹಲೋ, ಒಂದು, ಎರಡು’ ಎಂದು ಶುರುಮಾಡಿದ್ದಳಂತೆ.

ಆ ಮಗಳೇ ಈಗ ಶಾಲೆಯಲ್ಲಿ ಸಂಗೀತದ ಟೀಚರು, ಪಿಟೀಲು ಕಲಿಸುತ್ತಾಳೆ. ಹುಟ್ಟಿದಂದಿನಿಂದ ಬಾಕ್ಸುಗಳ ಅಬ್ಬರದಲ್ಲೇ ಬೆಳೆದದ್ದಕ್ಕೋ ಏನೋ, ಅವಳಿಗೆ ಮೈಕ್ ಕಂಡರಾಗದು. ಮರ, ತಂತಿ, ಬೆರಳು ಇಷ್ಟರಿಂದ ಬಂದ ನಾದವೇ ನಾದ ಎನ್ನುತ್ತಾಳೆ. ಅಪ್ಪನಿಗೂ ಮಗಳಿಗೂ ಎಣ್ಣೆ ಸೀಗೆಕಾಯಿ ಎಂದು ನೋಡಿದವರು ಹೇಳುತ್ತಾರೆ. ನನ್ನನ್ನು ಕೇಳಿದರೆ ಇಬ್ಬರೂ ಒಂದೇ ಅಚ್ಚು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಈ ವರ್ಷ ಅವಳೂ ನಿವೃತ್ತ ಪೋಸ್ಟ್‌ಮಾಸ್ಟರೂ ಇನ್ನು ಕೆಲವರೂ ಸೇರಿ ಸಮಿತಿ ಮಾಡಿಕೊಂಡರು. ಶನಿವಾರ, ಭಾನುವಾರ ಎರಡು ಸಂಜೆ, ಕಡಲ ದಂಡೆಯಲ್ಲಿ ಬಯಲು ಸಂಗೀತೋತ್ಸವ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಮತ್ತೆ, ಮೈಕ್ ಇಲ್ಲ. ಊರಿನಲ್ಲಿ ಅಂಟಿಸಿದ ಹಾಳೆಗಳ ಮೇಲೆ ಈ ‘ಮೈಕ್ ಇಲ್ಲ’ ಎಂಬುದನ್ನೇ ಎಲ್ಲಕ್ಕಿಂತ ದಪ್ಪಗೆ ಅಚ್ಚುಹಾಕಿಸಿದ್ದರು. ಒಂದು ಹಾಳೆ ನಮ್ಮ ಅಂಗಡಿಯ ಬಾಗಿಲ ಪಕ್ಕದ ಕಂಬಕ್ಕೇ ಬಿತ್ತು.

ಊಟಕ್ಕೆ ಕೂತಾಗ ಇವರು ಕೆಣಕಿದರು. ಕಡಲಿನ ಎದುರು ಮೈಕಿಲ್ಲದೆ ಪಿಟೀಲು ಬಾರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದರು. ಮಗಳು ತಟ್ಟೆಯಿಂದ ತಲೆ ಎತ್ತದೆ, “ನಿನ್ನ ಡಬ್ಬದಿಂದ ಬರೋದು ನನ್ನ ಪಿಟೀಲಲ್ಲ ಅಪ್ಪ, ಬರೀ ಡಬ್ಬದ ಸದ್ದು” ಎಂದಳು.

ಡಬ್ಬ ಎಂದಿದ್ದು ತಪ್ಪಾಯಿತು. ಈ ಮನೆ ಎದ್ದಿದ್ದು, ಅವಳ ಮೊದಲ ಪಿಟೀಲು ಬಂದಿದ್ದು ಆ ಡಬ್ಬಗಳಿಂದಲೇ. ಇವರು ಕೈತೊಳೆದುಕೊಂಡು ಎದ್ದುಹೋದರು. ಅಂದಿನಿಂದ ಹದಿನಾರು ದಿನ ಅಪ್ಪ ಮಗಳ ನಡುವೆ ಮಾತಿಲ್ಲ. ಎಲ್ಲ ನನ್ನ ಮೂಲಕ. ಒಂದೇ ಮೇಜಿನ ಆ ತುದಿಯಿಂದ ‘ನಿನ್ನ ಮಗಳಿಗೆ ಉಪ್ಪು ಬೇಕಾ ಕೇಳು’, ಈ ತುದಿಯಿಂದ ‘ನಿನ್ನ ಗಂಡನಿಗೆ ಬೇಡ ಅಂತ ಹೇಳು’. ನಾನು ಇಬ್ಬರ ನಡುವೆ ವೈರಿನ ಹಾಗೆ ಇದ್ದೆ.

ಆದರೆ ನನಗೆ ಗೊತ್ತಿದ್ದ ಒಂದು ಸಂಗತಿ ಮಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕುಕ್ಕರ್ ಕೂಗಿದರೂ ಗೊತ್ತಾಗದೆ ಪಕ್ಕದಲ್ಲೇ ನಿಂತಿರುತ್ತಿದ್ದರು, ಕಾಲಿಂಗ್ ಬೆಲ್ಲಿಗೆ ಏಳುತ್ತಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ತೆಳು ಸ್ವರ, ಮೇಲಿನ ಸ್ವರಗಳೆಲ್ಲ ಹೋಗಿವೆ, ದಪ್ಪ ಸ್ವರಗಳು ಉಳಿದಿವೆ ಎಂದರು. ಮೂವತ್ತು ವರ್ಷ ಬಾಕ್ಸಿನ ಪಕ್ಕ ನಿಂತದ್ದರ ಫಲ. ಊರಿಗೆಲ್ಲ ಕೇಳಿಸಿ ಕೇಳಿಸಿ ತಮ್ಮ ಕಿವಿ ಕಳೆದುಕೊಂಡಿದ್ದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ ನನ್ನ ಕೈ ಹಿಡಿದುಕೊಂಡು, “ಮಗಳಿಗೆ ಹೇಳ್ಬೇಡ” ಎಂದರು. “ಅವಳು ಇನ್ನು ಮೇಲೆ ನನ್ನೆದುರು ಪಿಟೀಲು ಮುಟ್ಟಲ್ಲ.”

ಶಾಲೆಯ ಕಾರ್ಯಕ್ರಮಗಳಲ್ಲಿ ಬಾಕ್ಸಿನಲ್ಲಿ ಬಂದರೆ, ಗುಂಡಿ ತಿರುಗಿಸಿ ಜೋರು ಮಾಡಿಕೊಂಡು, ಮಗಳು ನುಡಿಸಿದ್ದು ಅವರಿಗೆ ಅಷ್ಟಿಷ್ಟು ಕೇಳುತ್ತಿತ್ತು. ಬಾಕ್ಸೇ ಬೇಡ ಎಂದರೆ ಮಗಳ ಪಿಟೀಲೇ ಅವರ ಪಾಲಿಗೆ ಇಲ್ಲ. ಅವರ ಸಿಟ್ಟಿನ ಬುಡ ಅದು. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಯಾರ ಪರ ಮಾತಾಡಲಿ ನಾನು?

ಶನಿವಾರ ಬಂತು. ಇವರು ಬರುವುದಿಲ್ಲ ಎಂದರು. ನಾನೊಬ್ಬಳೇ ಹೋದೆ. ಸಮಿತಿಯವರು ಚಂದವಾಗಿಯೇ ಮಾಡಿದ್ದರು. ರಸ್ತೆಯ ಪಕ್ಕ ವೇದಿಕೆ, ಅದರ ಮೂರು ಕಡೆಗೆ ನೀಲಿ ಬಟ್ಟೆಯ ಪರದೆ, ಎದುರಿಗೆ ಮರಳಿನ ಮೇಲೆ ಇನ್ನೂರೈವತ್ತು ಕುರ್ಚಿ. ನುಡಿಸುವವರ ಕಣ್ಣೆದುರು ಸಮುದ್ರವಿರಲಿ, ಸ್ಫೂರ್ತಿ ಬರುತ್ತದೆ ಎಂದು ಪೋಸ್ಟ್‌ಮಾಸ್ಟರ ಆಸೆಯಂತೆ. ಹಾಗಾಗಿ ಕೇಳುವವರ ಬೆನ್ನು ಸಮುದ್ರಕ್ಕೆ.

ಮೊದಲು ಹಾಡಿದಾಕೆ ಬಾಯಿ ತೆರೆದದ್ದು ಕಂಡಿತು, ಹಾಡು ಮಾತ್ರ ಬರಲಿಲ್ಲ. ಬೆನ್ನ ಹಿಂದೆ ಅಲೆಗಳ ಸದ್ದು. ಸಂಜೆಯ ಗಾಳಿ ಕಡಲಿನಿಂದ ಎದ್ದು ನಮ್ಮನ್ನು ದಾಟಿ ವೇದಿಕೆಯ ಮುಖಕ್ಕೇ ಹೊಡೆಯುತ್ತಿತ್ತು. ಮೂರನೆಯ ಸಾಲಿನಿಂದ ಹಿಂದಕ್ಕೆ ಯಾರಿಗೂ ಏನೂ ಕೇಳಲಿಲ್ಲ. ಜನ ಪಾಪ, ಮರ್ಯಾದೆಗೆ ತಲೆದೂಗಿದರು, ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದಾಗ ತಟ್ಟಿದರು. ಆಮೇಲೆ ಒಬ್ಬೊಬ್ಬರೇ ಎದ್ದರು. ಏಳು ಗಂಟೆಗೆ ಲೆಕ್ಕ ಹಾಕಿದರೆ ಅರ್ಧ ಕುರ್ಚಿ ಖಾಲಿ. ಮೈಕ್ ತರಿಸಿ ಎಂದು ಹಿಂದಿನಿಂದ ಯಾರೋ ಕೂಗಿದರು. ಮಗಳು ವೇದಿಕೆಯ ಪಕ್ಕ ಕಂಬ ಹಿಡಿದು ನಿಂತಿದ್ದಳು. ಅವಳದು ಮರುದಿನದ ಕೊನೆಯ ಸರದಿ.

ಕಾರ್ಯಕ್ರಮ ಮುಗಿದು ರಸ್ತೆಗೆ ಬಂದು ನೋಡುತ್ತೇನೆ, ವೇದಿಕೆಯ ಹಿಂದೆ, ರಸ್ತೆಯ ಆಚೆ ಚಹಾ ಅಂಗಡಿಯ ಬೆಂಚಿನ ಮೇಲೆ ಇವರು. ಬರುವುದಿಲ್ಲ ಎಂದವರು ಬಂದಿದ್ದರು. ಅವರ ಪಕ್ಕ ಚಹಾದವನು ಲೋಟ ತೊಳೆಯುತ್ತ ಈಗಷ್ಟೇ ಮುಗಿದ ಹಾಡನ್ನು ಗುನುಗುತ್ತಿದ್ದ. ಇಡೀ ಸಂಜೆಯ ಸಂಗೀತ ಸರಿಯಾಗಿ ಕೇಳಿಸಿದ್ದು ಅವನೊಬ್ಬನಿಗೇ. ಮನೆಯ ದಾರಿಯುದ್ದಕ್ಕೂ ಇವರು ಗಾಳಿಗೆ ಮುಖವೊಡ್ಡಿ ನಡೆದರು. ಒಳಗೊಳಗೇ ನಗುತ್ತಿದ್ದಾರೆ ಎಂದುಕೊಂಡು ನನಗೆ ಮೈ ಉರಿಯಿತು.

ಭಾನುವಾರ ಬೆಳಿಗ್ಗೆ ಪೋಸ್ಟ್‌ಮಾಸ್ಟರು ಅಂಗಡಿಗೆ ಬಂದರು. ಮಗಳು ಮನೆಯ ಮೆಟ್ಟಿಲ ಮೇಲೆ ನಿಂತಳು, ಅಂಗಡಿಗೆ ಇಳಿಯಲಿಲ್ಲ. ಇವರು ಪಿನ್ನು ಒರೆಸುತ್ತ ಕೂತಿದ್ದರು. ಪೋಸ್ಟ್‌ಮಾಸ್ಟರು ಕೈಮುಗಿದು, ತಪ್ಪಾಯಿತು, ಸಂಜೆಗೆ ಎರಡು ಬಾಕ್ಸು, ನಾಲ್ಕು ಮೈಕು ಕೊಟ್ಟು ಮಾನ ಉಳಿಸಿ ಎಂದರು. ಹದಿನಾರು ದಿನದಿಂದ ಇವರು ಕಾಯುತ್ತಿದ್ದ ಮಾತು ಇದೇ ಇರಬೇಕು. ಮಗಳ ಮುಖ ನೋಡಿದೆ. ಅತ್ತಿರಲಿಲ್ಲ, ಆದರೆ ಅಳುವುದಕ್ಕೆ ಇನ್ನು ಒಂದೇ ಮಾತು ಸಾಕಿತ್ತು.

“ಕೊಡಲ್ಲ” ಎಂದರು ಇವರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. “ಮೈಕ್ ಇಲ್ಲ ಅಂತ ಅಚ್ಚುಹಾಕಿಸಿ ಊರನ್ನ ಕರೆದಿದ್ದೀರಿ. ಆ ಮಾತು ಉಳೀಬೇಕು. ತಪ್ಪಾಗಿರೋದು ಮೈಕ್ ಇಲ್ದಿರೋದಲ್ಲ ಸ್ವಾಮಿ, ವೇದಿಕೆ ಹಾಕಿರೋ ಜಾಗ. ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಒಬ್ಬರಾದ್ರೂ ನೋಡಿದ್ರಾ?”

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಮೈಕ್ ಬೇಡ ಎಂದಮೇಲೆ ಮೈಕಿನವನನ್ನು ಕೇಳುವುದೇನು ಎಂದು ಸಮಿತಿಯವರು ಕೇಳಲಿಲ್ಲ, ಕೇಳದವರಿಗೆ ಹೇಳುವುದೇನು ಎಂದು ಇವರು ಹೇಳಲಿಲ್ಲ. ಈ ಊರಿನ ಒಂದೊಂದು ಬಯಲಿನಲ್ಲೂ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ, ಯಾವ ಗೋಡೆ ಸದ್ದನ್ನು ವಾಪಸು ಕೊಡುತ್ತದೆ, ಯಾವ ಮೂಲೆ ನುಂಗುತ್ತದೆ ಎಂಬುದು ಇವರಿಗೆ ಬಾಯಿಪಾಠ. ಮೈಕಿನವನಿಗೆ ಮೈಕಿನದಷ್ಟೇ ಗೊತ್ತು ಎಂದು ನಾವೆಲ್ಲ ತಿಳಿದಿದ್ದೆವು. ನಾನೂ ಸೇರಿ.

ಹನ್ನೊಂದು ಗಂಟೆಗೆ ನಾವು ನಾಲ್ವರೂ ದಂಡೆಯಲ್ಲಿದ್ದೆವು. ಇವರು ನಡೆಯುತ್ತ ಅಲ್ಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ತಲೆ ವಾಲಿಸಿ ಕೇಳುತ್ತಿದ್ದರು, ಮುಂದೆ ಹೋಗುತ್ತಿದ್ದರು. ಕೊನೆಗೆ ಹಳೆಯ ಐಸ್ ಗೋದಾಮಿನ ಮುಂದೆ ನಿಂತರು. ಮೀನಿಗೆ ಹಾಕುವ ಐಸನ್ನು ಒಂದು ಕಾಲದಲ್ಲಿ ಕೂಡಿಡುತ್ತಿದ್ದ ಕಟ್ಟಡ. ಕಡಲಿಗೆ ಬೆನ್ನು ಕೊಟ್ಟು ನಿಂತ ಉದ್ದನೆಯ ಕಲ್ಲಿನ ಗೋಡೆ, ಅದರೆದುರು ರಸ್ತೆಯ ಕಡೆಗೆ ಏರುತ್ತ ಹೋಗುವ ಜಾಗ. ಪೋಸ್ಟ್‌ಮಾಸ್ಟರು ಮೂಗು ಮುಚ್ಚಿಕೊಂಡು, ಇಲ್ಲಿ ವಾಸನೆ, ಗೋಡೆಯೂ ಕೊಳಕು, ಕನಿಷ್ಠ ಆ ನೀಲಿ ಪರದೆಯನ್ನಾದರೂ ಕಟ್ಟೋಣ ಎಂದರು. ಬಟ್ಟೆ ಸದ್ದನ್ನು ಕುಡಿಯುತ್ತದೆ, ಕಲ್ಲು ಕೊಡುತ್ತದೆ, ಪರದೆ ಮುಟ್ಟಬೇಡಿ ಎಂದರು ಇವರು. ಅಲೆಯ ಸದ್ದನ್ನು ಗೋಡೆ ತಡೆಯುತ್ತದೆ, ಅದರ ಮೇಲಿಂದ ದಾಟಿ ಬಂದ ಗಾಳಿ ಸ್ವರವನ್ನು ಜನರ ಕಡೆಗೇ ಒಯ್ಯುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವ ಹಾಗೆ ವಿವರಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಒಂದು ಕುರ್ಚಿ ಹೊತ್ತುಕೊಂಡು ಇಳಿಜಾರು ಹತ್ತಿ, ರಸ್ತೆಯ ಅಂಚಿನ ತನಕ ಹೋಗಿ, ಅಲ್ಲಿ ಹಾಕಿದರು. ನನ್ನ ಕಡೆ ತಿರುಗಿ, “ಬಾರೇ, ಕೂತ್ಕೋ. ನೊಣ ಬಂದ್ರೆ ಕೈ ಎತ್ಬೇಡ” ಎಂದರು.

ಗೋಡೆಯ ಹತ್ತಿರ ಇಳಿದುಹೋಗಿ, ಕೂಗದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: “ಹಲೋ, ಹಲೋ, ಒಂದು, ಎರಡು, ಮೂರು.”

ಎಪ್ಪತ್ತು ಹೆಜ್ಜೆ ದೂರದಲ್ಲಿ ಅವರ ದನಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ವೈರಿಲ್ಲ, ಬಾಕ್ಸಿಲ್ಲ, ಬರೀ ಅವರ ದನಿ. ನಾನು ಕೈ ಎತ್ತಿದೆ. ಆಗ ಉಬ್ಬಿದ ಎದೆ ನನ್ನದು, ಅವರದಲ್ಲ.

ಈಗ ಪಿಟೀಲಿನ ಸರದಿ. ಮಗಳು ಗೋಡೆಗೆ ಬೆನ್ನುಮಾಡಿ ನಿಂತಳು. ಇವರು ಮೇಲೆ ಬಂದು ನನ್ನ ಕುರ್ಚಿಯ ಪಕ್ಕ ನಿಂತರು. ಅವಳು ಮೇಲಿನ ತಂತಿಯಲ್ಲಿ ಬಿಲ್ಲು ಎಳೆದಳು. ಕೂದಲೆಳೆಯಷ್ಟು ತೆಳುವಾದ ಸ್ವರ, ಒಂದಿಷ್ಟೂ ಹರಿಯದೆ ನಮ್ಮ ತನಕ ಬಂತು. ನಾನು ಕೈ ಎತ್ತಿದೆ. ಇವರು ಪಿಟೀಲಿನ ಕಡೆ ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. ಕೈ ಎದ್ದದ್ದು ಕಂಡಮೇಲೆಯೇ ಕೆಳಗೆ ತಿರುಗಿ, ಸರಿಯಿದೆ ಎಂದು ತಲೆ ಆಡಿಸಿದರು. ಅವಳು ಇನ್ನೊಂದು ಸ್ವರ ನುಡಿಸಿದಳು. ಮತ್ತೆ ನನ್ನ ಕೈ, ಮತ್ತೆ ಅವರ ತಲೆ. ಮೂರನೆಯ ಸಲ ಅವಳು ನಮ್ಮಿಬ್ಬರನ್ನೇ ನೋಡುತ್ತ ಬಿಲ್ಲನ್ನು ತಂತಿಗೆ ತಾಗಿಸಲೇ ಇಲ್ಲ, ಎಳೆದಂತೆ ಮಾಡಿದಳು ಅಷ್ಟೇ. ನಾನು ಕೈ ಎತ್ತಲಿಲ್ಲ. ಇವರು ನನ್ನ ಕಡೆ ಬಗ್ಗಿ, “ಕೇಳಿಸ್ಲಿಲ್ವಾ?” ಎಂದು ಕೇಳಿದರು.

ಮಗಳು ಪಿಟೀಲನ್ನು ಕೆಳಗಿಳಿಸಿದಳು. ಇಳಿಜಾರು ಹತ್ತಿ ಬಂದಳು. ಅಪ್ಪನೆದುರು ನಿಂತು, “ಎಷ್ಟು ದಿನದಿಂದ?” ಎಂದಳು. ಹದಿನಾರು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಇವರು ನನ್ನನ್ನು ದುರುಗುಟ್ಟಿ ನೋಡಿದರು. ಹೇಳಿದ್ದು ನಾನಲ್ಲ ಎಂದು ತಲೆಯಾಡಿಸಿದೆ.

“ಎರಡು ವರ್ಷ ಆಯ್ತು. ಮೇಲಿನದ್ದು ಮಾತ್ರ. ಕೆಳಗಿನದ್ದು ಚೆನ್ನಾಗಿ ಕೇಳುತ್ತೆ” ಎಂದರು, ಏನೋ ಸಣ್ಣ ರಿಪೇರಿಯ ವಿಷಯ ಹೇಳುವ ಹಾಗೆ. “ಅದಕ್ಕೇನೀಗ? ನೀನು ನನಗೋಸ್ಕರ ನುಡಿಸ್ತಿಲ್ಲ, ಊರಿಗೆ ನುಡಿಸ್ತಿದ್ದೀಯ. ಸ್ವರ ಇಲ್ಲೀತನಕ ಬರ್ತಿದೆ. ಹೋಗು, ಕುರ್ಚಿ ಹಾಕಿಸು.”

ಅವಳು ಅಪ್ಪನ ಹೆಗಲ ಮೇಲಿದ್ದ, ಪಿನ್ನು ಒರೆಸುವ ಕೊಳಕು ಬಟ್ಟೆಯ ಚೂರನ್ನು ತೆಗೆದುಕೊಂಡು ಕಣ್ಣೊರೆಸಿಕೊಂಡು ಇಳಿದುಹೋದಳು. ಕೆನ್ನೆಯ ಮೇಲೆ ಎಣ್ಣೆಯ ಕಪ್ಪು ಉಳಿಯಿತು. ಸಂಜೆಯ ತನಕ ಅದನ್ನು ಯಾರೂ ಅವಳಿಗೆ ಹೇಳಲಿಲ್ಲ.

ಆ ಸಂಜೆ ಜನ ಎದ್ದುಹೋಗಲಿಲ್ಲ. ನಿನ್ನೆ ಎದ್ದುಹೋದವರೂ ಬಂದರು, ಬಂದವರು ಇನ್ನೊಬ್ಬರನ್ನು ಕರೆತಂದರು. ಕುರ್ಚಿ ಸಾಲದೆ ಇಳಿಜಾರಿನ ಮಣ್ಣಿನ ಮೇಲೆ ಕೂತರು. ಮೀನಿನ ವಾಸನೆಯ ಬಗ್ಗೆ ಮೊದಲ ಹಾಡಿನ ತನಕ ಗೊಣಗಿದರು, ಆಮೇಲೆ ಮರೆತರು. ಹಾಡಿದವರು ಉಸಿರು ಎಳೆದುಕೊಂಡದ್ದೂ ಕೇಳಿಸುತ್ತಿತ್ತು. ಚಹಾದವನಿಗೆ ಮಾತ್ರ ವ್ಯಾಪಾರವೂ ಇಲ್ಲ, ಸಂಗೀತವೂ ಇಲ್ಲ ಎಂದಾಗಿ, ಕೊನೆಗೆ ಅಂಗಡಿ ಮುಚ್ಚಿ ತಾನೂ ಬಂದು ಕೂತ. ಕೊನೆಯ ಕುರ್ಚಿಯಲ್ಲಿ, ರಸ್ತೆಯ ಅಂಚಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮನೆಯವರು ಕೂತಿದ್ದರು. ನಾನು ಅವರಿಗಿಂತ ನಾಲ್ಕು ಸಾಲು ಮುಂದೆ, ಪಕ್ಕಕ್ಕೆ, ಪೋಸ್ಟ್‌ಮಾಸ್ಟರ ಹೆಂಡತಿಯ ಜೊತೆ.

ಕೊನೆಯ ಸರದಿಗೆ ಮಗಳು ಬಂದು ನಿಂತಳು. ಜನ ಸುಮ್ಮನಾದರು. ಅವಳು ಶುರುಮಾಡಲಿಲ್ಲ. ಪಿಟೀಲನ್ನು ಭುಜಕ್ಕಿಟ್ಟು, ಎಲ್ಲರ ತಲೆಯ ಮೇಲಿಂದ ರಸ್ತೆಯ ಅಂಚನ್ನು ನೋಡುತ್ತ, ಎಲ್ಲಕ್ಕಿಂತ ಕೆಳಗಿನ ದಪ್ಪ ತಂತಿಯಲ್ಲಿ ಬಿಲ್ಲು ಎಳೆದಳು. ಉದ್ದಕ್ಕೆ, ನಿಧಾನಕ್ಕೆ, ಒಂದೇ ಸ್ವರ. ನಿಲ್ಲಿಸಿದಳು. ಮತ್ತೆ ಎಳೆದಳು. ಎರಡು. ಮತ್ತೆ ಎಳೆದಳು. ಮೂರು. ನಿಲ್ಲಿಸಿ ಕಾದಳು.

ಶ್ರುತಿ ಸರಿಮಾಡಿಕೊಳ್ಳುತ್ತಿದ್ದಾಳೆ ಎಂದು ನನ್ನ ಪಕ್ಕದಾಕೆ ಪಿಸುಗುಟ್ಟಿದಳು. ನಾನು ಹಿಂದೆ ತಿರುಗಿ ನೋಡಿದೆ. ನನ್ನ ಗಂಡ ಕೊನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಶಾಲೆಯ ಹುಡುಗನ ಹಾಗೆ, ಬಲಗೈಯನ್ನು ಪೂರ್ತಿ ಮೇಲಕ್ಕೆ ಎತ್ತಿದ್ದರು.

ಆಗ ಶುರುಮಾಡಿದಳು ನನ್ನ ಮಗಳು. ನಾನು ತಾಯಿ, ನನ್ನ ಮಾತು ಬಿಡಿ. ನಿಲ್ಲುವುದಕ್ಕೆ ಜಾಗವಿಲ್ಲದೆ ಗೋದಾಮಿನ ಮೆಟ್ಟಿಲ ಮೇಲೆ ಕೂತಿದ್ದ ದೋಣಿಯವರು ಬೀಡಿ ಹಚ್ಚುವುದನ್ನು ಮರೆತು ಕಡ್ಡಿ ಹಿಡಿದು ಕೂತಿದ್ದರು. ಪಿಟೀಲು ಕೆಳಗಿನ ತಂತಿಯಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಏರಿತು. ಅವರಿಗೋಸ್ಕರ ಅವಳು ಕೆಳಗೇ ಉಳಿಯಲಿಲ್ಲ. ಅದು ನನಗೆ ಸರಿಯೆನಿಸಿತು, ಅವರ ಮಗಳಾದವಳು ಹಾಗೆ ಉಳಿಯಲೂ ಕೂಡದು. ಸ್ವರ ಮೇಲಿನ ತಂತಿಗೆ ಹೋದಾಗ ನಾನು ಮತ್ತೆ ತಿರುಗಿದೆ. ಇವರು ಇನ್ನು ಪಿಟೀಲನ್ನು ನೋಡುತ್ತಿರಲಿಲ್ಲ. ಜನರ ನಡುವೆ ನನ್ನನ್ನು ಹುಡುಕುತ್ತಿದ್ದರು.

ನಾನು ಕೈ ಎತ್ತಿದೆ. ಪೋಸ್ಟ್‌ಮಾಸ್ಟರ ಹೆಂಡತಿ ನನ್ನ ಸೆರಗು ಜಗ್ಗಿ, ಏನಾಯಿತು, ಎಲ್ಲರೂ ನೋಡುತ್ತಿದ್ದಾರೆ ಎಂದಳು. ನೋಡಲಿ ಎಂದೆ. ಸ್ವರ ಮೇಲೆ ಇರುವಷ್ಟು ಹೊತ್ತೂ ನನ್ನ ಕೈ ಮೇಲೆಯೇ ಇತ್ತು. ನನ್ನ ಕೈಯನ್ನು ನೋಡುತ್ತ ನಮ್ಮ ಮನೆಯವರು ಕೊನೆಯ ಕುರ್ಚಿಯಲ್ಲಿ ತಾಳ ಹಾಕುತ್ತಿದ್ದರು.